ಮಳೆಗಾಲಕ್ಕೆ ಮುನ್ನ ಹಳೆಯ ವ್ಯಾನಿಗೆ ಮೇಣ: ಮಲೆನಾಡಿನಲ್ಲಿ ತುಕ್ಕು ತಡೆಯುವ ಕೆಲಸದ ಕ್ರಮ

ಮೂಡಿಗೆರೆ, ಕೊಟ್ಟಿಗೆಹಾರ, ಕಳಸ, ಕೊಪ್ಪದ ಕಡೆ ಹಳೆಯ ವ್ಯಾನನ್ನು ಉಳಿಸಿಕೊಂಡು ಬಂದವರಿಗೆ ಎಂಜಿನ್ನಿಗಿಂತ ತಗಡಿನ ಚಿಂತೆಯೇ ಹೆಚ್ಚು. ಎಂಜಿನ್ ಕೈಕೊಟ್ಟರೆ ಬಿಚ್ಚಿ ಮತ್ತೆ ಕಟ್ಟಬಹುದು, ಗೇರ್‌ಬಾಕ್ಸಿಗೆ ಬಿಡಿಭಾಗ ಹುಡುಕಬಹುದು. ಆದರೆ ಬಾಗಿಲ ಕೆಳಗೆ ಉದ್ದಕ್ಕೂ ಹೋಗುವ ಟೊಳ್ಳು ತಗಡಿನ ಪಟ್ಟಿ, ಅಂದರೆ ಸಿಲ್, ಒಳಗಿನಿಂದಲೇ ಪುಡಿಯಾಗಿ ಹೋದ ಗಾಡಿಯನ್ನು ಮತ್ತೆ ನೆಟ್ಟಗೆ ನಿಲ್ಲಿಸುವುದು ಬಹಳ ಕಷ್ಟ. 1984ರಲ್ಲಿ ಮಾರುತಿ ವ್ಯಾನ್ ಎಂಬ ಹೆಸರಿನಲ್ಲಿ ಬಂದು, ಮುಂದೆ ಓಮ್ನಿ ಎನಿಸಿಕೊಂಡು, 2019ರಲ್ಲಿ ತಯಾರಿಕೆ ನಿಲ್ಲುವವರೆಗೂ ನಮ್ಮ ತೋಟದ ರಸ್ತೆಗಳಲ್ಲಿ ಕಾಫಿ ಮೂಟೆ, ಶಾಲೆಯ ಮಕ್ಕಳು, ಮದುವೆಯ ಪಾತ್ರೆ ಎಲ್ಲವನ್ನೂ ಹೊತ್ತ ಆ ಗಾಡಿಗೆ ಪ್ರತ್ಯೇಕ ಚಾಸಿ ಇಲ್ಲ. ತೆಳು ತಗಡನ್ನು ಮಡಿಸಿ, ಪೆಟ್ಟಿಗೆಯಂತೆ ಬೆಸೆದು ಮಾಡಿದ ಮೈಯೇ ಅದರ ಬೆನ್ನೆಲುಬು. ಆದ್ದರಿಂದ ಅದರಲ್ಲಿ ತುಕ್ಕು ಎನ್ನುವುದು ಅಂದ ಕೆಡಿಸುವ ಕಲೆ ಮಾತ್ರವಲ್ಲ, ಗಾಡಿಯ ಬಲವನ್ನೇ ತಿನ್ನುವ ರೋಗ.

ನನ್ನಲ್ಲಿರುವುದು 1987ರ ವ್ಯಾನು. ಅದಕ್ಕೆ ಹದಿನೈದು ವರ್ಷಗಳ ಹಿಂದೆ ಒಂದು ಗ್ಯಾರೇಜಿನಲ್ಲಿ ಅಡಿಭಾಗಕ್ಕೆ ಕಪ್ಪು ಕೋಟಿಂಗ್ ಹೊಡೆಸಿದ್ದೆ. ತೊಳೆದ ಮಾರನೆಯ ದಿನವೇ, ಮಡಿಕೆಗಳ ಒಳಗಿನ ಕೆಸರು ಇನ್ನೂ ಹಸಿಯಾಗಿರುವಾಗಲೇ ಹೊಡೆದು ಕೊಟ್ಟರು. ನಾನೂ ಬಗ್ಗಿ ನೋಡಿ, ಹೊಸ ಗಾಡಿಯಂತೆ ಕಾಣುತ್ತದೆಂದು ಸಂತೋಷಪಟ್ಟೆ. ಮೂರನೆಯ ಮಳೆಗಾಲ ಮುಗಿದ ಮೇಲೆ ಪಂಕ್ಚರಾದ ಚಕ್ರ ಬಿಚ್ಚಲು ಜ್ಯಾಕ್ ಕೊಟ್ಟಾಗ ಎಡಗಡೆಯ ಸಿಲ್ ಹಪ್ಪಳದಂತೆ ಮುರಿದು ಒಳಕ್ಕೆ ಕುಸಿಯಿತು. ಕಪ್ಪು ಪದರ ಮಾತ್ರ ಹರಿಯದೆ ಚರ್ಮದಂತೆ ಜೋತುಬಿದ್ದಿತ್ತು. ಅಂದು ಕಲಿತದ್ದನ್ನೂ, ಆಮೇಲೆ ಪ್ರತಿ ಬೇಸಿಗೆಯಲ್ಲಿ ಮೇಣ ಹಚ್ಚುತ್ತ ಕಂಡುಕೊಂಡದ್ದನ್ನೂ ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಓಮ್ನಿಯನ್ನು ಮುಂದಿಟ್ಟುಕೊಂಡು ಬರೆದಿದ್ದರೂ ಮೆಟಡೋರ್ ಇರುವವರಿಗೂ ಹಳೆಯ ಜೀಪು ಇರುವವರಿಗೂ ಕೆಲಸದ ಕ್ರಮ ಇದೇ.

ತುಕ್ಕು ಒಳಗಿನಿಂದ ಹೊರಗೆ ಬರುತ್ತದೆ

ಕಬ್ಬಿಣ, ನೀರು, ಗಾಳಿಯಲ್ಲಿರುವ ಆಮ್ಲಜನಕ ಈ ಮೂರೂ ಒಂದೆಡೆ ಸೇರಿದರೆ ತುಕ್ಕು ಹುಟ್ಟುತ್ತದೆ. ಉಪ್ಪಿನ ಅಂಶವೂ ಜೊತೆಗಿದ್ದರೆ ಆ ನೀರಿನಲ್ಲಿ ವಿದ್ಯುತ್ತು ಸಲೀಸಾಗಿ ಹರಿಯುವುದರಿಂದ ಕೆಲಸ ಬೇಗ ಸಾಗುತ್ತದೆ. ನೀರು ಹನಿಯಾಗಿಯೇ ಇರಬೇಕೆಂದಿಲ್ಲ. ಗಾಳಿಯ ಆರ್ದ್ರತೆ ಶೇಕಡಾ 60ನ್ನು ದಾಟಿದರೆ ಕಣ್ಣಿಗೆ ಕಾಣದಷ್ಟು ತೆಳುವಾದ ನೀರಿನ ಪೊರೆ ತಗಡಿನ ಮೇಲೆ ಕೂರುತ್ತದೆ, ಅಷ್ಟೇ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಗಾಳಿ ಅದಕ್ಕಿಂತ ಒಣಗುವ ದಿನಗಳೇ ವಿರಳ. ಹಗಲು ಬೆಚ್ಚಗಾದ ಗಾಡಿಯ ಟೊಳ್ಳುಗಳಲ್ಲಿ ರಾತ್ರಿ ತಂಪಿಗೆ ಇಬ್ಬನಿ ಕಟ್ಟುತ್ತದೆ; ಅದು ಬೆಳಿಗ್ಗೆ ಆರಿ ಹೋಗಲು ಅಲ್ಲಿ ಗಾಳಿಯೂ ಇಲ್ಲ, ಬಿಸಿಲೂ ಇಲ್ಲ. ಹೊರಮೈಗೆ ಕಾರ್ಖಾನೆಯಲ್ಲಿ ಪದರ ಪದರವಾಗಿ ಬಣ್ಣ ಕೊಟ್ಟಿದ್ದರೂ, ಎಂಬತ್ತರ ದಶಕದ ಗಾಡಿಗಳ ಸಿಲ್, ಬಾಗಿಲ ತಳ, ಚಕ್ರದ ಕಮಾನಿನ ಒಳಮಡಿಕೆಗಳಿಗೆ ಸಿಕ್ಕ ರಕ್ಷಣೆ ತೀರ ಕಡಿಮೆ. ಹುಟ್ಟಿದ ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಹಿಡಿಯುತ್ತದೆ. ಆದ್ದರಿಂದಲೇ ಬೆಸುಗೆಯ ಅಂಚುಗಳು ಉಬ್ಬುತ್ತವೆ, ಬಣ್ಣ ಗುಳ್ಳೆ ಏಳುತ್ತದೆ. ನಾವು ಹೊರಗೆ ಒಂದು ಕಾಳುಮೆಣಸಿನಷ್ಟು ಗುಳ್ಳೆ ಕಾಣುವ ಹೊತ್ತಿಗೆ ಒಳಗೆ ಅಂಗೈಯಗಲ ಹೋಗಿರುತ್ತದೆ. ಗುಳ್ಳೆಯನ್ನು ಕೆರೆದು, ಪುಟ್ಟಿ ತುಂಬಿ, ಬಣ್ಣ ಬಳಿಯುವುದು ಗಾಯವನ್ನು ತೊಳೆಯದೆ ಬಟ್ಟೆ ಸುತ್ತಿದಂತೆ.

ಮಲೆನಾಡಿನ ವ್ಯಾನುಗಳಿಗೆ ಮಳೆಯಲ್ಲದೆ ಇನ್ನೂ ಕೆಲವು ಶತ್ರುಗಳಿವೆ. ತೋಟಕ್ಕೆ ಸಾಗಿಸುವ ಪೊಟ್ಯಾಷ್ ಗೊಬ್ಬರವೆಂದರೆ ಪೊಟ್ಯಾಸಿಯಂ ಕ್ಲೋರೈಡ್, ಅಂದರೆ ಒಂದು ಬಗೆಯ ಉಪ್ಪು. ಚೀಲದ ಬಾಯಿಂದ ಉದುರಿದ ಒಂದು ಹಿಡಿ ಪೊಟ್ಯಾಷ್ ನೆಲಹಾಸಿನ ಅಡಿಗೆ ಸೇರಿದರೆ, ಕಡಲತೀರದಲ್ಲಿ ನಿಂತ ಗಾಡಿಗೆ ಆಗುವ ಹಾನಿಯೇ ಮನೆಯಂಗಳದಲ್ಲಿ ನಿಂತ ಗಾಡಿಗೂ ಆಗುತ್ತದೆ. ಮೈಲುತುತ್ತಕ್ಕೆ ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಸಿಂಪಡಿಸುವವರು ಅದಕ್ಕೆ ಸುಣ್ಣ ಸಾಕಾಗಿದೆಯೇ ಎಂದು ತಿಳಿಯಲು ಚಾಕುವನ್ನು ಅದ್ದಿ ನೋಡುವುದುಂಟು. ಸುಣ್ಣ ಕಡಿಮೆಯಾಗಿದ್ದರೆ ಅಲಗಿನ ಮೇಲೆ ಕೆಂಪು ಬಣ್ಣ ಕೂರುತ್ತದೆ. ಆ ಕೆಂಪು ಮೈಲುತುತ್ತದಿಂದ ಬಂದ ತಾಮ್ರ, ಅದು ಕೂತ ಜಾಗದಿಂದ ಅಷ್ಟು ಕಬ್ಬಿಣ ಕರಗಿ ದ್ರಾವಣಕ್ಕೆ ಹೋಗಿರುತ್ತದೆ. ವ್ಯಾನಿನ ನೆಲದ ಮೇಲೆ ಮೈಲುತುತ್ತದ ನೀರು ಚೆಲ್ಲಿದರೆ ನಡೆಯುವುದೂ ಇದೇ. ಹಸಿ ಕಾಫಿ ಹಣ್ಣಿನ ಚೀಲಗಳಿಂದ ಸೋರುವ ಲೋಳೆಯೂ ಹುಳಿಯಾದಂತೆ ಆಮ್ಲವಾಗುತ್ತದೆ. ಇವುಗಳನ್ನು ಸಾಗಿಸಬೇಡಿ ಎನ್ನುವುದು ತೋಟದವರಿಗೆ ಆಗುವ ಮಾತಲ್ಲ. ದಪ್ಪನೆಯ ತಾಡಪಾಲನ್ನು ಅಂಚು ಮೇಲಕ್ಕೆ ಬರುವಂತೆ ಹಾಸಿ ಸಾಗಿಸಿ, ಇಳಿಸಿದ ದಿನವೇ ನೆಲ ತೊಳೆಯಿರಿ.

ಯಾವ ಮೇಣ, ಏಕೆ ಮೇಣ

ಇಲ್ಲಿ ಹೇಳುವ ಮೇಣ ಬಣ್ಣಕ್ಕೆ ಹೊಳಪು ಕೊಡುವ ಪಾಲಿಶ್ ಅಲ್ಲ. ತೆಳುವಾದ ದ್ರಾವಕದಲ್ಲಿ ಮೇಣ, ಎಣ್ಣೆ, ತುಕ್ಕುನಿರೋಧಕ ರಾಸಾಯನಿಕಗಳನ್ನು ಕರಗಿಸಿದ ದ್ರವ ಅದು. ಸಿಂಪಡಿಸಿದಾಗ ನೀರಿನಂತೆ ಹರಿದು ಎರಡು ತಗಡುಗಳ ನಡುವಿನ ಕೂದಲೆಳೆಯಷ್ಟು ಸಂದಿಗೂ ನುಗ್ಗುತ್ತದೆ. ದ್ರಾವಕ ಆರಿದ ಮೇಲೆ ಗಟ್ಟಿಯಾಗಿ ಒಣಗದೆ, ಮೆತ್ತನೆಯ ಪೊರೆಯಾಗಿ ಉಳಿದು ನೀರು ತಗಡನ್ನು ಮುಟ್ಟದಂತೆ ತಡೆಯುತ್ತದೆ. ಡಾಂಬರು ಅಥವಾ ರಬ್ಬರು ಬಗೆಯ ಕೋಟಿಂಗಿಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಈ ಮೆದುತನವೇ. ಗಟ್ಟಿ ಪದರಕ್ಕೆ ಜಲ್ಲಿಕಲ್ಲು ಬಡಿದು ಒಂದು ಬಿರುಕು ಬಿಟ್ಟರೆ ನೀರು ಅಲ್ಲಿಂದ ಒಳಹೊಕ್ಕು, ಹೊರಬರಲು ದಾರಿಯಿಲ್ಲದೆ, ಪದರದ ಮರೆಯಲ್ಲಿ ವರ್ಷಗಟ್ಟಲೆ ತಗಡನ್ನು ತಿನ್ನುತ್ತದೆ. ಮೇಣಕ್ಕೆ ಬಿದ್ದ ಗೀರು ಸಣ್ಣದಾದರೆ ಬಿಸಿಲಿಗೆ ಮೇಣವೇ ಹರಡಿಕೊಂಡು ಅದನ್ನು ಮುಚ್ಚುತ್ತದೆ, ದೊಡ್ಡದಾದರೆ ನಾವು ಮೇಲೆ ಇನ್ನೊಂದು ಕೈ ಹಚ್ಚಬಹುದು.

ಎರಡು ಬಗೆಯ ಮೇಣ ಬೇಕಾಗುತ್ತದೆ. ಟೊಳ್ಳುಗಳಿಗೆ ಹಾಕುವುದು ತೆಳ್ಳಗೆ, ಹರಿಯುವಂಥದ್ದು. ಅಡಿಭಾಗಕ್ಕೆ ಹಾಕುವುದು ದಪ್ಪಗೆ, ಕೆಸರು ಸಿಡಿದರೂ ಬೇಗ ಕಿತ್ತುಹೋಗದಂಥದ್ದು. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಯುರೋಪಿನ ದೇಶಗಳಲ್ಲಿ ಈ ವಿದ್ಯೆ ಚೆನ್ನಾಗಿ ಬೆಳೆದಿದೆ. ಬ್ರಿಟನ್ನಿನ ವ್ಯಾಕ್ಸಾಯ್ಲ್, ಸ್ವೀಡನ್ ಮೂಲದ ಡಿನಿಟ್ರಾಲ್ ಹಳೆಯ ಗಾಡಿಗಳವರ ಬಾಯಲ್ಲಿ ಬರುವ ಹೆಸರುಗಳು. ಕುರಿಯ ಉಣ್ಣೆಯಿಂದ ತೆಗೆಯುವ ಲ್ಯಾನೋಲಿನ್ ಜಿಡ್ಡಿನ ಫ್ಲೂಯಿಡ್ ಫಿಲ್ಮ್ ಬಗೆಯವು ಬಹಳ ಚೆನ್ನಾಗಿ ನುಸುಳುತ್ತವೆ, ಆದರೆ ಚಕ್ರದ ಕಮಾನಿನಂಥ ಕಡೆ ನಮ್ಮ ಮಳೆಗೆ ಬೇಗ ತೊಳೆದುಹೋಗುತ್ತವೆ. ಹೆಸರು ಯಾವುದೇ ಇರಲಿ, ಡಬ್ಬಿಯ ಮೇಲೆ ಅದು ಟೊಳ್ಳಿಗೋ ಅಡಿಭಾಗಕ್ಕೋ, ಆರಿದ ಮೇಲೂ ಮೆತ್ತಗೆ ಉಳಿಯುತ್ತದೆಯೋ ಎಂಬುದನ್ನು ಓದಿ ಕೊಳ್ಳಿ. ಅಡಿಭಾಗಕ್ಕೂ ಕಪ್ಪು ಮೇಣಕ್ಕಿಂತ ಜೇನುಬಣ್ಣದ, ಪಾರದರ್ಶಕವಾದದ್ದನ್ನೇ ನಾನು ಆರಿಸುತ್ತೇನೆ. ಕಪ್ಪು ಅಂದವಾಗಿ ಕಾಣಬಹುದು, ಆದರೆ ಮುಂದಿನ ವರ್ಷ ಬಗ್ಗಿ ನೋಡಿದಾಗ ಅದರ ಕೆಳಗಿನ ತಗಡು ಹೇಗಿದೆ ಎಂದು ತಿಳಿಯಬೇಕಾದವರು ನಾವು.

ಸುಟ್ಟ ಎಂಜಿನ್ ಆಯಿಲ್ಲಿಗೆ ಡೀಸೆಲ್ ಬೆರೆಸಿ ಹೊಡೆಯುವ ಪದ್ಧತಿ ನಮ್ಮಲ್ಲಿ ಹಳೆಯದು, ಖರ್ಚಿಲ್ಲದ್ದು. ಅದರಿಂದ ಸ್ವಲ್ಪ ಮಟ್ಟಿನ ತಡೆ ಸಿಗುವುದೂ ನಿಜ. ಆದರೂ ನಾನು ಅದನ್ನು ಬಿಟ್ಟಿದ್ದೇನೆ: ಬಳಸಿದ ಆಯಿಲ್ಲಿನಲ್ಲಿ ಆಮ್ಲವೂ ಲೋಹದ ಪುಡಿಯೂ ಸೇರಿರುತ್ತವೆ, ಕೀಲುಗಳಲ್ಲಿ ಕೂರುವ ರಬ್ಬರ್ ಬುಷ್‌ಗಳು ಉಬ್ಬಿ ಕೆಡುತ್ತವೆ, ಚರ್ಮಕ್ಕೂ ಉಸಿರಿಗೂ ಅದು ಕೆಟ್ಟದ್ದು, ತೊಟ್ಟಿಕ್ಕಿದ್ದೆಲ್ಲ ಮಳೆನೀರಿನೊಡನೆ ಹಳ್ಳ ಸೇರುತ್ತದೆ. ಇಷ್ಟಾಗಿ ಎರಡು ಜೋರು ಮಳೆಗೆ ಅದು ಉಳಿಯುವುದಿಲ್ಲ.

ಕಾಲವನ್ನು ಗೊತ್ತುಮಾಡಿಕೊಳ್ಳುವುದು

ಕಾಫಿ ಕೊಯ್ಲು, ಒಣಗಿಸುವಿಕೆ ಮುಗಿದು ಕಣ ಖಾಲಿಯಾಗುವ ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಈ ಕೆಲಸಕ್ಕೆ ಸರಿಯಾದ ಕಾಲ. ಸಿಮೆಂಟಿನ ಕಣದ ಮೇಲೆ ಬೆಳಿಗ್ಗೆಯಿಂದ ಸಂಜೆಯವರೆಗೆ ಬಿಸಿಲು ಬೀಳುತ್ತದೆ, ನೆಲದಿಂದ ತೇವ ಏಳುವುದಿಲ್ಲ, ಬಿದ್ದ ನಟ್ಟು ಬೋಲ್ಟು ಕಳೆಯುವುದಿಲ್ಲ. ಆದರೆ ಕಾಫಿ ಬೀಜ ಸುತ್ತಲಿನ ವಾಸನೆಯನ್ನು ಹೀರಿಕೊಳ್ಳುವ ವಸ್ತುವಾದ್ದರಿಂದ ಮೇಣ, ಎಣ್ಣೆ ಒಂದು ಹನಿಯೂ ಕಣಕ್ಕೆ ತಾಗಬಾರದು. ದಪ್ಪ ತಾಡಪಾಲು ಹಾಸಿ, ಅದರ ಮೇಲೆ ರಟ್ಟು ಹರವಿಯೇ ಕೆಲಸ ಮಾಡಬೇಕು. ತೊಳೆಯುವುದು, ಬೆಸುಗೆ, ಪ್ರೈಮರ್ (ಬಣ್ಣದ ಅಡಿಪದರ) ಎಲ್ಲ, ಕಾಫಿ ಹೂ ಅರಳಿಸುವ ಹೂಮಳೆಗೆ ಮುನ್ನ ಮುಗಿದರೆ ಒಳ್ಳೆಯದು. ಮೇಣ ಹೊಡೆಯಲು ಏಪ್ರಿಲ್‌ನ ಒಣ ಮಧ್ಯಾಹ್ನ ಉತ್ತಮ, ಏಕೆಂದರೆ ಬೆಚ್ಚಗಿರುವ ತಗಡಿನ ಮೇಲೆ ಮೇಣ ದೂರ ಹರಿಯುತ್ತದೆ. ಮೇ ಕೊನೆಗೆ ತಳ್ಳಿದರೆ ಮುಂಗಾರು ಬಂದು ಒಣಗಿಸುವ ಹೊತ್ತೇ ಸಿಗದು. ಒದ್ದೆ ತಗಡಿಗೆ ಮೇಣ ಹೊಡೆಯುವುದಕ್ಕಿಂತ ಆ ವರ್ಷ ಸುಮ್ಮನಿರುವುದೇ ಮೇಲು.

ತೊಳೆಯುವುದು ಮತ್ತು ಒಣಗಿಸುವುದು

ಮೊದಲು ಒಳಗಿನ ಸೀಟು, ನೆಲಹಾಸು, ಬಾಗಿಲ ಒಳಹಲಗೆಗಳನ್ನು ಬಿಚ್ಚಿ ತೆಗೆಯಿರಿ. ನೆಲಹಾಸಿನ ಅಡಿಯ ಸ್ಪಂಜು ಒಮ್ಮೆ ನೀರು ಕುಡಿದರೆ ತಿಂಗಳುಗಟ್ಟಲೆ ಆರುವುದಿಲ್ಲ. ಹಳತಾಗಿದ್ದರೆ ಅದನ್ನು ಮತ್ತೆ ಹಾಕಲೇಬೇಡಿ. ಆಮೇಲೆ ಗಾಡಿಯನ್ನು ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಚಕ್ರ ಬಿಚ್ಚಿ, ಕಮಾನುಗಳ ಒಳಗೆ ಕಟ್ಟಿಕೊಂಡ ಕೆಮ್ಮಣ್ಣನ್ನು ಮರದ ಚಕ್ಕೆಯಿಂದ ಕೆದಕಿ ತೆಗೆದು, ನಂತರ ನೀರಿನ ರಭಸ ಕೊಡಿ. ಬರೀ ಜ್ಯಾಕಿನ ಮೇಲೆ ನಿಂತ ಗಾಡಿಯ ಅಡಿಗೆ ಯಾರೂ ಹೋಗಬಾರದು. ಸಿಲ್ ಮೊದಲೇ ತುಕ್ಕು ತಿಂದಿದ್ದರೆ ಜ್ಯಾಕ್ ಕೊಡುವ ಜಾಗವೇ ಕುಸಿಯುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ತೋಟದ ಸಿಂಪರಣೆಯ ಪಂಪಿನಿಂದ ತೊಳೆಯುವವರು ಪೈಪನ್ನು ಮೊದಲು ಬರಿಯ ನೀರಿನಿಂದ ಚೆನ್ನಾಗಿ ಹಾಯಿಸಿಕೊಳ್ಳಬೇಕು, ಹಳೆಯ ಬೋರ್ಡೋ ಉಳಿಕೆ ಗಾಡಿಯ ಮಡಿಕೆಗಳಿಗೆ ಹೋಗುವುದು ಬೇಡ.

ಬಸಿಯುವ ತೂತುಗಳಿಗೆ ವಿಶೇಷ ಗಮನ ಬೇಕು. ಪ್ರತಿ ಬಾಗಿಲಿನ ತಳದಲ್ಲಿ, ಸಿಲ್ಲಿನ ಅಡಿಯಲ್ಲಿ, ಜಾರುಬಾಗಿಲಿನ ಕೆಳಗಿನ ಹಳಿಯಲ್ಲಿ, ಹಿಂಬಾಗಿಲಿನ ಅಂಚಿನಲ್ಲಿ ಇರುವ ಸಣ್ಣ ತೂತುಗಳು ನೀರು ಹೊರಹೋಗಲೆಂದೇ ಇರುವಂಥವು. ಅಡಕೆ ತೋಟದ ಬಸಿಗಾಲುವೆಯನ್ನು ಆರಿದ್ರಾ ಮಳೆಗೆ ಮುನ್ನ ಬಿಡಿಸದವರು ಯಾರೂ ಇಲ್ಲ, ಆದರೆ ಅದೇ ಮನೆಯ ವ್ಯಾನಿನ ಬಾಗಿಲ ತೂತುಗಳು ಮಣ್ಣು, ದರಗು, ಹಳೆಯ ಬಣ್ಣದಿಂದ ಕಟ್ಟಿಕೊಂಡಿರುತ್ತವೆ. ಸಿಲ್ವರ್ ಓಕ್ ಮರದ ನೆರಳಿನಲ್ಲಿ ಗಾಡಿ ನಿಲ್ಲಿಸುವವರು ಮುಂಗಾಜಿನ ಕೆಳಗಿನ ತೆರೆಗಳನ್ನೂ ಬಿಚ್ಚಿ ನೋಡಬೇಕು. ಅಲ್ಲಿ ಕೊಳೆತು ಗೊಬ್ಬರವಾದ ಎಲೆ ಮಳೆಗಾಲವಿಡೀ ಒದ್ದೆ ಬಟ್ಟೆಯಂತೆ ತಗಡಿಗೆ ಅಂಟಿಕೊಂಡಿರುತ್ತದೆ. ತೆಳು ತಂತಿಯಿಂದ ಎಲ್ಲ ತೂತುಗಳನ್ನೂ ಬಿಡಿಸಿ, ನೀರು ಹಾಯಿಸಿ, ಹೊರಬರುವ ನೀರು ತಿಳಿಯಾಗುವವರೆಗೆ ತೊಳೆಯಿರಿ.

ತೊಳೆದಾದ ಮೇಲೆ ಅವಸರ ಬೇಡ. ಬಾಗಿಲುಗಳನ್ನು ತೆರೆದು ಕನಿಷ್ಠ ಮೂರು ದಿನ ಬಿಸಿಲಿನಲ್ಲಿ ನಿಲ್ಲಿಸಬೇಕು, ಒಂದು ಬದಿಯನ್ನು ಸ್ವಲ್ಪ ಎತ್ತರಿಸಿದರೆ ಸಿಲ್ಲಿನೊಳಗಿನ ನೀರು ಬಸಿದುಹೋಗುತ್ತದೆ. ಪಂಕ್ಚರ್ ಅಂಗಡಿಯವರ ಕಂಪ್ರೆಸರಿನಿಂದ ಸಂದಿಗಳಿಗೆ ಗಾಳಿ ಊದಿಸಿದಾಗ ಒಣಗಿದೆ ಎಂದುಕೊಂಡ ಕಡೆಯಿಂದ ನೀರು ಚಿಮ್ಮುವುದನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಊದಿಸಿ, ಮತ್ತೆ ಒಂದು ದಿನ ಬಿಡಿ.

ನೋಡುವುದು, ಚುಚ್ಚುವುದು, ಬೆಸೆಯುವುದು

ಒಣಗಿದ ಮೇಲೆ ಒಂದು ಹಳೆಯ ಸ್ಕ್ರೂಡ್ರೈವರ್ ಮತ್ತು ಒಳ್ಳೆಯ ಟಾರ್ಚ್ ಹಿಡಿದು ಇಡೀ ಗಾಡಿಯನ್ನು ಪರೀಕ್ಷಿಸಬೇಕು. ಓಮ್ನಿಯಲ್ಲಿ ಮೊದಲು ನೋಡಬೇಕಾದವು ಎರಡೂ ಕಡೆಯ ಸಿಲ್, ಜಾರುಬಾಗಿಲಿನ ಹಳಿ ಕೂರುವ ಮೆಟ್ಟಿಲು, ಹಿಂಚಕ್ರದ ಕಮಾನಿನ ತುಟಿ, ಹಿಂದಿನ ಪಟ್ಟಾ ಸ್ಪ್ರಿಂಗಿನ ಕೊಂಡಿಗಳು ದೇಹಕ್ಕೆ ಸೇರುವ ಜಾಗ, ಬ್ಯಾಟರಿಯ ತಟ್ಟೆ, ಮಾಡಿನ ಅಂಚಿನ ಮಳೆದೋಣಿ, ಮುಂಗಾಜಿನ ರಬ್ಬರಿನ ಅಡಿ. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದಾಗ ಗಟ್ಟಿ ತಗಡು ಟಣ್ ಎನ್ನುತ್ತದೆ, ಹೋದದ್ದು ಮಂಕಾಗಿ ಸದ್ದು ಮಾಡುತ್ತದೆ. ಮಂಕಾದ ಕಡೆ ತುದಿಯಿಂದ ಚುಚ್ಚಿ ನೋಡಿ; ತೂತು ಬೀಳುವುದಾದರೆ ಅದು ಈಗಲೇ ಬೀಳಲಿ. ಮೊಬೈಲಿಗೆ ಸಿಕ್ಕಿಸುವ, ಉದ್ದ ತಂತಿಯ ಸಣ್ಣ ಕ್ಯಾಮೆರಾ ಸಿಕ್ಕರೆ ಸಿಲ್ಲಿನ ಒಳಗನ್ನು ತೂತಿನ ಮೂಲಕವೇ ನೋಡಬಹುದು. ನನ್ನ ಅನುಭವದಲ್ಲಿ ಈ ಕೆಲಸಕ್ಕೆ ಇದರಷ್ಟು ಉಪಯೋಗಕ್ಕೆ ಬಂದ ಸಾಧನ ಇನ್ನೊಂದಿಲ್ಲ.

ಮೇಣ ತುಕ್ಕನ್ನು ಗುಣಪಡಿಸುವುದಿಲ್ಲ, ಕಳೆದುಹೋದ ಬಲವನ್ನು ತರುವುದೂ ಇಲ್ಲ. ತೂತಾದ, ತೆಳುವಾದ ತಗಡನ್ನು ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ ತೆಗೆದು, ಅಷ್ಟೇ ದಪ್ಪದ ಹೊಸ ತಗಡನ್ನು ಬೆಸೆಯಬೇಕು. ಹಳೆಯದರ ಮೇಲೆಯೇ ಹೊಸ ತುಂಡನ್ನು ಹೊದಿಸಿ ಬೆಸೆದರೆ ನಡುವೆ ಇನ್ನೊಂದು ಸಂದಿ ಹುಟ್ಟಿ ತುಕ್ಕಿಗೆ ಹೊಸ ಮನೆಯಾಗುತ್ತದೆ. ಬೆಸುಗೆ ಏನಿದ್ದರೂ ಮೇಣಕ್ಕೆ ಮುನ್ನವೇ ಮುಗಿಯಬೇಕು. ಮೇಣ ಹೊಡೆದ ಸಿಲ್ಲಿನ ಬಳಿ ಕಿಡಿ ಹಾರಿದರೆ ಒಳಗೆ, ಕೈಗೂ ನೀರಿಗೂ ಎಟುಕದ ಕಡೆ, ಬೆಂಕಿ ಹೊತ್ತಿಕೊಳ್ಳುತ್ತದೆ. ಬೆಸುಗೆಗೆ ಮುನ್ನ ಬ್ಯಾಟರಿಯ ತಂತಿಗಳನ್ನು ಬಿಚ್ಚಿ; ಪೆಟ್ರೋಲ್ ಟ್ಯಾಂಕನ್ನೂ, ಗ್ಯಾಸಿನಲ್ಲಿ ಓಡುವ ಗಾಡಿಯಾದರೆ ಗ್ಯಾಸಿನ ಟ್ಯಾಂಕನ್ನೂ ತಿಳಿದವರಿಂದ ತೆಗೆಸಿ ದೂರ ಇಡಿಸಿ.

ಮೇಲ್ಮೈಯಲ್ಲಷ್ಟೇ ಇರುವ ತುಕ್ಕಿನ ಹಕ್ಕಳೆಯನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಉಳಿದ ಕಂದು ಕಲೆಗೆ ತುಕ್ಕು ಪರಿವರ್ತಕ ಹಚ್ಚಬಹುದು. ಫಾಸ್ಫಾರಿಕ್ ಆಮ್ಲದ್ದು ತುಕ್ಕನ್ನು ಕಬ್ಬಿಣದ ಫಾಸ್ಫೇಟ್ ಆಗಿಸುತ್ತದೆ, ಟ್ಯಾನಿಕ್ ಆಮ್ಲದ್ದು ಕಪ್ಪು ಪೊರೆಯಾಗಿಸುತ್ತದೆ. ಇವು ತುಕ್ಕಿದ್ದ ಕಡೆ ಮಾತ್ರ ಕೆಲಸ ಮಾಡುತ್ತವೆ. ಹೊಳೆಯುವ ಲೋಹಕ್ಕೂ, ದಪ್ಪ ಹಕ್ಕಳೆಗೂ ಹಚ್ಚಿ ಪ್ರಯೋಜನವಿಲ್ಲ. ಅದು ಆರಿದ ಮೇಲೆ ಎಪಾಕ್ಸಿ ಪ್ರೈಮರ್ ಕೊಡಿ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ರೆಡ್ ಆಕ್ಸೈಡ್ ಪ್ರೈಮರ್ ಒಂದೇ ಸಾಕೆಂದು ಅನೇಕರು ನಿಲ್ಲಿಸುತ್ತಾರೆ, ಆದರೆ ಅದು ನೀರಾವಿಯನ್ನು ಒಳಬಿಡುವ ಪದರವಾದ್ದರಿಂದ ಮೇಲೆ ಬಣ್ಣವಿಲ್ಲದಿದ್ದರೆ ಮಲೆನಾಡಿನ ಮಳೆಗೆ ನಿಲ್ಲದು. ಬೆಸುಗೆಯ ಸಂದುಗಳಿಗೆ ಹೊರಗಿನಿಂದ ಪಾಲಿಯುರಿಥೇನ್ ಸೀಲಂಟ್ ಎಳೆದು, ಅದರ ಮೇಲೆ ಬಣ್ಣ ಕೊಟ್ಟರೆ ಈ ಹಂತ ಮುಗಿಯಿತು.

ಟೊಳ್ಳುಗಳಿಗೆ ಮೇಣ

ಮೊದಲು ಮುಚ್ಚಬೇಕಾದ್ದನ್ನು ಮುಚ್ಚಿ. ಬ್ರೇಕ್ ಡ್ರಮ್ಮು, ಡಿಸ್ಕು, ಸೈಲೆನ್ಸರ್ ಪೈಪು, ಪ್ರೊಪೆಲ್ಲರ್ ಶಾಫ್ಟಿನ ಕೀಲುಗಳು, ರಬ್ಬರ್ ಬುಷ್‌ಗಳು, ವಿದ್ಯುತ್ ಜೋಡಣೆಗಳು, ಸೀಟ್ ಬೆಲ್ಟಿನ ಸುರುಳಿ, ಗಾಜು ಜಾರುವ ಕಾಲುವೆ ಇವೆಲ್ಲಕ್ಕೂ ಪ್ಲಾಸ್ಟಿಕ್ ಮತ್ತು ಟೇಪು ಸುತ್ತಿ. ಬ್ರೇಕಿಗೆ ಮೇಣ ತಾಗಿದರೆ ಪ್ರಾಣಕ್ಕೇ ಅಪಾಯ, ಸೈಲೆನ್ಸರಿಗೆ ತಾಗಿದರೆ ಹೊಗೆಯೇಳುತ್ತದೆ, ಬೆಂಕಿಯೂ ಹತ್ತಬಹುದು. ಓಮ್ನಿಯಲ್ಲಿ ಎಂಜಿನ್ ಮುಂದಿನ ಸೀಟುಗಳ ಅಡಿಯಲ್ಲೇ ಇರುವುದರಿಂದ ಅದಕ್ಕೆ ಪೂರ್ತಿ ಹೊದಿಕೆ ಹಾಕಬೇಕು. ಚಾಸಿ ನಂಬರ್ ಕೊರೆದ ಜಾಗವನ್ನೂ ಬಿಡಿ. ನೋಂದಣಿ ನವೀಕರಣಕ್ಕೆ ಹೋದಾಗ ಅಲ್ಲಿ ಕಾಗದವಿಟ್ಟು ಪೆನ್ಸಿಲಿನಲ್ಲಿ ಅಚ್ಚು ತೆಗೆಯಬೇಕಾಗುತ್ತದೆ, ದಪ್ಪ ಮೇಣ ಮೆತ್ತಿದ್ದರೆ ಅಂಕಿ ಮೂಡುವುದಿಲ್ಲ.

ನಂತರ ಮೇಣದ ಡಬ್ಬಿಯನ್ನು ಬಕೆಟ್ಟಿನ ಬಿಸಿನೀರಿನಲ್ಲಿ, ಕೈಯಿಡಲು ಆಗುವಷ್ಟೇ ಬಿಸಿಯಲ್ಲಿ, ಕಾಲು ಗಂಟೆ ಇಡಿ. ಒಲೆಯ ಮೇಲೆ ಎಂದಿಗೂ ಇಡಬೇಡಿ, ದ್ರಾವಕದ ಆವಿ ಹೊತ್ತಿಕೊಳ್ಳುವಂಥದ್ದು. ಉದ್ದನೆಯ ಮೆತ್ತನೆಯ ನಳಿಕೆಯ ತುದಿಯಲ್ಲಿ ಸುತ್ತಲೂ ಸಿಡಿಸುವ ನಾಝಲ್ ಇರುವ ಗನ್ ಈ ಕೆಲಸಕ್ಕೆ ಬೇಕೇಬೇಕು. ಬಾಯಿ ನೇರವಾಗಿರುವ ಸ್ಪ್ರೇಯಿಂದ ಎದುರಿನ ಗೋಡೆಯೊಂದೇ ನೆನೆಯುತ್ತದೆ. ಮೊದಲು ಒಂದು ರಟ್ಟಿನ ಕೊಳವೆಯೊಳಗೆ ಹೊಡೆದು, ಕೊಳವೆಯನ್ನು ಸೀಳಿ ನೋಡಿದರೆ ಸುತ್ತಲೂ ಸಮನಾಗಿ ಬೀಳುತ್ತದೆಯೇ ಎಂಬುದು ತಿಳಿಯುತ್ತದೆ, ಕೈಯ ವೇಗವೂ ಹದಕ್ಕೆ ಬರುತ್ತದೆ.

ನಳಿಕೆಯನ್ನು ಸಿಲ್ಲಿನ ತುದಿಯವರೆಗೆ ತೂರಿಸಿ, ಗನ್ನಿನ ಕುದುರೆ ಒತ್ತಿ, ನಿಧಾನವಾಗಿ ಹಿಂದಕ್ಕೆ ಎಳೆಯಿರಿ. ಒಂದು ಮೊಳ ಉದ್ದಕ್ಕೆ ಐದಾರು ಸೆಕೆಂಡು ನಾನು ತೆಗೆದುಕೊಳ್ಳುವ ಹೊತ್ತು. ಬಸಿತೂತುಗಳಿಂದ ಮೇಣ ತೊಟ್ಟಿಕ್ಕಲು ತೊಡಗಿದರೆ ಅಡಿ ತುಂಬ ನೆನೆದಿದೆ ಎಂದರ್ಥ. ಆದರೆ ಮೇಲಿನ ಬೆಸುಗೆಯ ಅಂಚು ನೆನೆಯಿತೇ ಎಂಬುದನ್ನು ಕ್ಯಾಮೆರಾ ಇಟ್ಟೇ ನೋಡಬೇಕು. ಇದೇ ರೀತಿ ಬಾಗಿಲುಗಳ ತಳ, ಹಿಂಬಾಗಿಲಿನ ಅಂಚು, ನೆಲದ ಅಡಿಯ ಅಡ್ಡಪಟ್ಟಿಗಳು, ಕಂಬಗಳ ಬುಡ, ಹಿಂಚಕ್ರದ ಕಮಾನಿಗೂ ಹೊರತಗಡಿಗೂ ನಡುವಿನ ಸಂದಿ ಎಲ್ಲಕ್ಕೂ ಹೊಡೆಯಿರಿ. ಈ ಕೊನೆಯ ಸಂದಿಯನ್ನು ಬಹಳ ಜನ ಮರೆಯುತ್ತಾರೆ, ಓಮ್ನಿ ಹೆಚ್ಚಾಗಿ ಕೊಳೆಯುವುದು ಅಲ್ಲಿಯೇ. ಆದಷ್ಟೂ ಮೊದಲೇ ಇರುವ ತೂತುಗಳನ್ನು ಬಳಸಿ, ಬಲ ಹೊರುವ ಪಟ್ಟಿಗಳಲ್ಲಿ ಹೊಸದಾಗಿ ಕೊರೆಯಬೇಡಿ. ಬೇರೆಡೆ ಕೊರೆಯಲೇಬೇಕಾದರೆ ತೂತಿನ ಅಂಚಿಗೆ ಪ್ರೈಮರ್ ಹಚ್ಚಿ, ಕೆಲಸವಾದ ಮೇಲೆ ರಬ್ಬರ್ ಬಿರಡೆಯಿಂದ ಮುಚ್ಚಿ. ದಪ್ಪಗೆ ಒಂದು ಸಲ ಹೊಡೆಯುವುದಕ್ಕಿಂತ ಒಂದು ದಿನದ ಅಂತರದಲ್ಲಿ ತೆಳ್ಳಗೆ ಎರಡು ಸಲ ಹೊಡೆಯುವುದು ಒಳ್ಳೆಯದು: ಮೊದಲನೆಯದು ಸಂದಿಗೆ ಇಳಿಯುತ್ತದೆ, ಎರಡನೆಯದು ಗೋಡೆಗೆ ನಿಲ್ಲುತ್ತದೆ.

ಈ ಕೆಲಸದ ಉದ್ದಕ್ಕೂ ಬಯಲಿನಲ್ಲೇ ಇರಿ, ಸಾವಯವ ಆವಿಯನ್ನು ತಡೆಯುವ ಫಿಲ್ಟರ್ ಇರುವ ಮುಖಗವಸು, ಕನ್ನಡಕ, ಕೈಗವಸು ಹಾಕಿಕೊಳ್ಳಿ. ಬಟ್ಟೆಯ ಮಾಸ್ಕು ಇದಕ್ಕೆ ಸಾಲದು. ಮುಗಿದ ಕೂಡಲೇ ಬಸಿತೂತುಗಳಿಗೆ ಮತ್ತೆ ತಂತಿ ಹಾಕಿ ಬಿಡಿಸುವುದನ್ನು ಮರೆಯಬೇಡಿ. ಮೇಣದಿಂದಲೇ ತೂತು ಕಟ್ಟಿಕೊಂಡರೆ ಬಾಗಿಲು ನೀರಿನ ತೊಟ್ಟಿಯಾಗುತ್ತದೆ.

ಅಡಿಭಾಗ

ಅಡಿಭಾಗದಲ್ಲಿ ಹಳೆಯ ಡಾಂಬರು ಕೋಟಿಂಗ್ ಇದ್ದರೆ ಅದರ ಅಂಚಿಗೆ ಉಳಿ ಕೊಟ್ಟು ನೋಡಿ. ಬಿಗಿಯಾಗಿ ಅಂಟಿಕೊಂಡದ್ದು ಇರಲಿ. ಎದ್ದು ಬರುವುದನ್ನೆಲ್ಲ ಎಷ್ಟೇ ಬೇಸರವಾದರೂ ಕಿತ್ತುಹಾಕಲೇಬೇಕು, ಏಕೆಂದರೆ ಎದ್ದ ಪದರದ ಮೇಲೆ ಮೇಣ ಹೊಡೆದರೆ ನಡುವಿನ ನೀರನ್ನು ನಾವೇ ಸೆರೆಹಾಕಿದಂತೆ. ನನಗೆ ಈ ಒಂದು ಕೆಲಸಕ್ಕೆ ಮೊದಲ ವರ್ಷ ಆರು ದಿನ ಹಿಡಿಯಿತು. ಪ್ರೈಮರ್, ಬಣ್ಣ ಚೆನ್ನಾಗಿ ಆರಿದ ಮೇಲೆ ಮೊದಲು ಸಂದುಗಳಿಗೂ ಬೋಲ್ಟಿನ ತಲೆಗಳಿಗೂ ತೆಳು ಮೇಣವನ್ನು ಹೊಡೆದು, ಮಾರನೆಯ ದಿನ ಅದರ ಮೇಲೆ ದಪ್ಪ ಮೇಣವನ್ನು ಹಚ್ಚಿ. ಚಕ್ರದ ಕಮಾನುಗಳಿಗೆ ಬ್ರಷ್ಷಿನಿಂದ ಹಚ್ಚುವುದೇ ಲೇಸು, ಕಲ್ಲು ಸಿಡಿಯುವ ಕಡೆ ಎಷ್ಟು ದಪ್ಪ ನಿಂತಿದೆ ಎಂದು ಕೈಗೆ ತಿಳಿಯುತ್ತದೆ. ಪಟ್ಟಾ ಸ್ಪ್ರಿಂಗಿನ ಎಲೆಗಳ ನಡುವೆ ತೆಳು ಮೇಣ ಇಳಿದರೆ ಒಳ್ಳೆಯದೇ, ಆದರೆ ಅದರ ಎರಡು ತುದಿಯ ರಬ್ಬರ್ ಬುಷ್‌ಗಳಿಗೆ ಮೇಣ ತಾಗದಂತೆ ನೋಡಿಕೊಳ್ಳಿ. ಗಾಡಿಯನ್ನು ಎರಡು ಮೂರು ದಿನ ಹಾಗೆಯೇ ಬಿಟ್ಟು, ಮುಸುಕಿದ ಪ್ಲಾಸ್ಟಿಕ್ಕನ್ನೆಲ್ಲ ತೆಗೆದು, ಮನೆಯ ಬಳಿಯ ಸಪಾಟು ದಾರಿಯಲ್ಲಿ ಬ್ರೇಕನ್ನು ನಿಧಾನವಾಗಿ ಪರೀಕ್ಷಿಸಿದ ಮೇಲೆಯೇ ಘಾಟಿಗೆ ಇಳಿಸಿ. ಒಳಗೆ ದ್ರಾವಕದ ವಾಸನೆ ಕೆಲವು ವಾರ ಇರುತ್ತದೆ, ಅಷ್ಟು ದಿನ ಗಾಜು ಇಳಿಸಿ ಓಡಿಸುವುದು ಒಳ್ಳೆಯದು.

ಮಳೆಗಾಲದಲ್ಲಿ ಮತ್ತು ಆಮೇಲೆ

ಸರ್ವೀಸ್ ಸ್ಟೇಷನ್ನಿಗೆ ಗಾಡಿ ಬಿಡುವಾಗ ಅಡಿಗೆ ಡೀಸೆಲ್ ಅಥವಾ ಸೀಮೆಎಣ್ಣೆ ಸಿಂಪಡಿಸಬಾರದೆಂದು ಬಾಯಿಬಿಟ್ಟು ಹೇಳಬೇಕು. ಒಂದು ಡೀಸೆಲ್ ವಾಶ್ ಇಡೀ ಬೇಸಿಗೆಯ ದುಡಿಮೆಯನ್ನು ಕರಗಿಸಿ ಚರಂಡಿಗೆ ಬಿಡುತ್ತದೆ; ಬಿಸಿನೀರಿನ ಜೋರು ರಭಸವೂ ಹಾಗೆಯೇ. ತಣ್ಣೀರಿನಿಂದ, ಸ್ವಲ್ಪ ದೂರದಿಂದ ತೊಳೆಸಿ. ಚಾರ್ಮಾಡಿ ಇಳಿದು ಮಂಗಳೂರು, ಉಡುಪಿ ಕಡೆ ಕಡಲತೀರದಲ್ಲಿ ಗಾಡಿ ನಿಲ್ಲಿಸಿ ಬಂದಿದ್ದರೆ, ಬಂದ ದಿನವೇ ಅಡಿಭಾಗಕ್ಕೆ ಬರಿಯ ನೀರು ಹಾಯಿಸಿ.

ನಿಲ್ಲಿಸುವ ಜಾಗವೂ ಮುಖ್ಯ. ಮಣ್ಣುನೆಲದ, ನಾಲ್ಕು ಕಡೆ ಮುಚ್ಚಿದ ಶೆಡ್ಡಿಗಿಂತ ಮಾಡು ಮಾತ್ರ ಇದ್ದು ಗಾಳಿ ಆಡುವ ಜಾಗ ಗಾಡಿಗೆ ಒಳ್ಳೆಯದು, ಏಕೆಂದರೆ ಒದ್ದೆ ಗಾಡಿ ಆರಬೇಕಾದರೆ ಗಾಳಿ ಬೇಕು. ಹುಲ್ಲಿನ ಮೇಲೆ ನಿಲ್ಲಿಸಬೇಡಿ. ಪ್ಲಾಸ್ಟಿಕ್ ಹೊದಿಕೆಯಂತೂ ಬೇಡವೇ ಬೇಡ, ಅದರ ಅಡಿಯಲ್ಲಿ ಗಾಡಿ ಇಡೀ ರಾತ್ರಿ ಬೆವರುತ್ತದೆ. ಜಡಿಮಳೆಯ ದಿನಗಳಲ್ಲಿ ಒದ್ದೆ ಕಾಲಿನಿಂದ ಒಳಬಂದ ನೀರು ನೆಲದಲ್ಲಿ ನಿಲ್ಲದಂತೆ ರಬ್ಬರ್ ಹಾಸನ್ನು ದಿನವೂ ಎತ್ತಿ ಒರಸಿ.

ಅಕ್ಟೋಬರ್ ಕೊನೆಗೆ ಮಳೆ ನಿಂತ ಮೇಲೆ ಮತ್ತೊಮ್ಮೆ ಅಡಿಗೆ ಇಳಿದು ನೋಡಿ. ಚಕ್ರದ ಕಮಾನುಗಳಲ್ಲಿ, ಮುಂದಿನ ಅಡ್ಡಪಟ್ಟಿಯಲ್ಲಿ, ಸಿಲ್ಲಿನ ಮುಂತುದಿಯಲ್ಲಿ ಮೇಣ ಸವೆದು ಬಣ್ಣ ಕಾಣುತ್ತಿದ್ದರೆ ಅಷ್ಟು ಕಡೆ ಮಾತ್ರ ತೊಳೆದು, ಒಣಗಿಸಿ, ಬ್ರಷ್ಷಿನಿಂದ ಹಚ್ಚಿದರೆ ಸಾಕು. ಅಡಿಭಾಗವನ್ನು ಪ್ರತಿ ಬೇಸಿಗೆಯಲ್ಲಿ ಹೀಗೆ ನೋಡಿಕೊಂಡರೆ, ಟೊಳ್ಳುಗಳಿಗೆ ಪ್ರತಿ ವರ್ಷ ಹೊಡೆಯಬೇಕಾಗಿಲ್ಲ. ನಾನು ಮೂರು ವರ್ಷಕ್ಕೊಮ್ಮೆ ಹೊಡೆಯುತ್ತೇನೆ, ನಡುವಿನ ವರ್ಷಗಳಲ್ಲಿ ಕ್ಯಾಮೆರಾ ತೂರಿಸಿ ಪೊರೆ ಇನ್ನೂ ಜಿಡ್ಡಾಗಿ ಹೊಳೆಯುತ್ತಿದೆಯೇ ಎಂದು ನೋಡುತ್ತೇನೆ. ಹೊಸದಾಗಿ ಬೆಸೆದ ಎಡಗಡೆಯ ಸಿಲ್ಲಿನ ಒಳಗೋಡೆ ಈ ಮಾರ್ಚಿನಲ್ಲಿ ನೋಡಿದಾಗಲೂ ಜೇನುಬಣ್ಣದಲ್ಲೇ ಇತ್ತು.